ಹಳೆ ಗಾಡಿಗೆ ಬೇರೆ ಎಂಜಿನ್: ಇಳಿಸುವ ಮೊದಲು ಏನೇನು ನೋಡಬೇಕು?

"ಎಂಜಿನ್ ಇಳಿಸ್ಬೇಕಾಗುತ್ತೆ." ಬಾನೆಟ್ ಮುಚ್ಚಿ ಕೈ ಒರೆಸಿಕೊಳ್ಳುತ್ತಾ ಮೆಕ್ಯಾನಿಕ್ ಹೇಳುವ ಈ ಮಾತು ಹಳೆ ಗಾಡಿ ಇಟ್ಟುಕೊಂಡ ಮನೆಗೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅಲ್ಲಿಂದ ಮುಂದೆ ಮನೆಯಲ್ಲಿ ಎರಡು ಪಕ್ಷ. ಇನ್ನೂ ಇದಕ್ಕೆ ದುಡ್ಡು ಸುರಿಯುವುದೇ ಎಂದು ಒಬ್ಬರು. ಬಾಡಿ ಗಟ್ಟಿಯಾಗಿದೆ, ಎಂಜಿನ್ ಒಂದು ಹಾಕಿಸಿದರೆ ಇನ್ನೂ ಹತ್ತು ವರ್ಷ ಓಡುತ್ತದೆ ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಹುರುಳಿರಬಹುದು. ಆದರೆ ಯಾರ ಮಾತು ನಿಜ ಎಂದು ತಿಳಿಯಲು ಬೇಕಾದ ಮಾಹಿತಿ ಆ ಹೊತ್ತಿಗೆ ಇಬ್ಬರ ಬಳಿಯೂ ಇರುವುದಿಲ್ಲ.

"ಎಂಜಿನ್ ಹೋಗಿದೆ" ಎಂಬ ಮಾತು "ಹೊಟ್ಟೆ ಸರಿಯಿಲ್ಲ" ಎಂಬಷ್ಟೇ ಸ್ಪಷ್ಟ. ಅದು ಒಂದು ರಬ್ಬರ್ ಸೀಲಿನ ಕತೆಯೂ ಇರಬಹುದು, ಇಡೀ ಯಂತ್ರ ಸವೆದ ಕತೆಯೂ ಇರಬಹುದು. ಹಾಗಾಗಿ ಒಳಗೆ ಏನು ಸವೆಯುತ್ತದೆ ಎಂಬಲ್ಲಿಂದಲೇ ಶುರುಮಾಡೋಣ.

## ಒಳಗೆ ನಡೆಯುವುದೇನು, ಸವೆಯುವುದೇನು

ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪ್ ನೆನಪಿಸಿಕೊಳ್ಳಿ. ಕೊಳವೆಯೊಳಗೆ ವಾಷರ್ ಬಿಗಿಯಾಗಿದ್ದರೆ ಒಂದೆರಡು ಒತ್ತಿಗೇ ಟೈರ್ ಗಟ್ಟಿಯಾಗುತ್ತದೆ. ವಾಷರ್ ಸವೆದರೆ ಎಷ್ಟು ಒತ್ತಿದರೂ ಗಾಳಿ ಪಕ್ಕದಿಂದ ಮೇಲೆ ನುಸುಳುತ್ತದೆ, ಕೈ ಸೋಲುತ್ತದೆ. ಎಂಜಿನ್ನಿನ ಸಿಲಿಂಡರ್ ಅಂಥದೇ ಒಂದು ಪಂಪ್. ಕೊಳವೆಯ ಹೆಸರು ಬೋರ್, ಒಳಗೆ ಓಡಾಡುವ ಕೊರಡು ಪಿಸ್ಟನ್, ಅದರ ಸುತ್ತ ಬಳೆಯಂತೆ ಕೂತಿರುವ ಲೋಹದ ರಿಂಗ್‌ಗಳೇ ವಾಷರ್.

ಜರ್ಮನಿಯ ನಿಕೊಲಾಸ್ ಒಟ್ಟೊ 1876ರಲ್ಲಿ ಓಡಿಸಿ ತೋರಿಸಿದ ನಾಲ್ಕು ಹೊಡೆತದ ಕ್ರಮವೇ ಇಂದಿಗೂ ಕಾರುಗಳ ಎಂಜಿನ್ನಿನಲ್ಲಿ ನಡೆಯುತ್ತಿದೆ: ಗಾಳಿ ಎಳೆದುಕೋ, ಒತ್ತು, ಉರಿಸಿ ತಳ್ಳಿಸಿಕೋ, ಹೊಗೆ ಹೊರಹಾಕು. ಪೆಟ್ರೋಲ್ ಎಂಜಿನ್ ಗಾಳಿಯನ್ನು ಸುಮಾರು ಹತ್ತನೇ ಒಂದು ಪಾಲಿಗೆ ಒತ್ತುತ್ತದೆ. ಡೀಸೆಲ್ ಎಂಜಿನ್ ಹದಿನಾರನೇ ಒಂದು ಪಾಲಿಗೋ ಅದಕ್ಕೂ ಕಡಿಮೆಗೋ ಒತ್ತಿ, ಆ ಒತ್ತಡದ ಬಿಸಿಗೇ ಇಂಧನಕ್ಕೆ ಬೆಂಕಿ ಹೊತ್ತಿಸುತ್ತದೆ. ಈ ಒತ್ತುವ ಶಕ್ತಿಯೇ ಕಂಪ್ರೆಷನ್. ಅದು ಸೋರಿಹೋದರೆ ಪಿಕಪ್ ಹೋಯಿತು, ಮೈಲೇಜ್ ಹೋಯಿತು, ಬೆಳಗ್ಗೆ ಸ್ಟಾರ್ಟ್ ಆಗುವುದೂ ಕಷ್ಟವಾಯಿತು.

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪಿಸ್ಟನ್ ಸೆಕೆಂಡಿಗೆ ಐವತ್ತು ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಒಂದು ಗಂಟೆಯ ಪ್ರಯಾಣಕ್ಕೆ 1,80,000 ಸಲ. ಇಷ್ಟು ಉಜ್ಜಾಟದ ನಡುವೆಯೂ ಲೋಹಕ್ಕೆ ಲೋಹ ತಗಲದಂತೆ ಕಾಯುವುದು ತಲೆಗೂದಲಿಗಿಂತ ತೆಳುವಾದ ಎಣ್ಣೆಯ ಪದರ. ಅದು ಇರುವವರೆಗೆ ಸವೆತ ಅತಿ ನಿಧಾನ. ಅದು ತಪ್ಪಿದ ದಿನ ಕೆಲವೇ ನಿಮಿಷ ಸಾಕು.

ಅರ್ಥಮಾಡಿಕೊಳ್ಳಲು ಸುಲಭವಾಗಲೆಂದು ಎಂಜಿನ್ನನ್ನು ಮೂರು ಅಂತಸ್ತಿನ ಮನೆ ಎನ್ನಿ. ಮೇಲಂತಸ್ತು ಹೆಡ್. ಗಾಳಿ, ಹೊಗೆಗಳಿಗೆ ಬಾಗಿಲು ತೆರೆದು ಮುಚ್ಚುವ ವಾಲ್ವ್‌ಗಳು ಇಲ್ಲಿರುತ್ತವೆ. ನಡುವಿನದು ಬ್ಲಾಕ್, ಅಂದರೆ ಬೋರ್ ಮತ್ತು ಪಿಸ್ಟನ್‌ಗಳ ಜಾಗ. ಕೆಳಗಿನದು ಕ್ರ್ಯಾಂಕ್, ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ತಿರುಗುವಿಕೆಯಾಗಿ ಬದಲಿಸುವ ಉಕ್ಕಿನ ದಂಡ, ಅದನ್ನು ಹೊತ್ತ ಬೇರಿಂಗ್‌ಗಳು ಇಲ್ಲಿವೆ. ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ತೆಳು ಹಾಳೆ ಹೆಡ್ ಗ್ಯಾಸ್ಕೆಟ್. ಯಾವ ಅಂತಸ್ತು ಕೆಟ್ಟಿದೆ ಎಂಬುದರ ಮೇಲೆ ಮುಂದಿನ ಖರ್ಚು ನಿಂತಿದೆ. ಮೇಲಂತಸ್ತಿನ ಕೆಲಸ ಬಹಳ ಸಲ ಎಂಜಿನ್ ಗಾಡಿಯಲ್ಲಿ ಇದ್ದಂತೆಯೇ ಮುಗಿಯುತ್ತದೆ. ಕೆಳಗಿನದಕ್ಕೆ ಸಾಮಾನ್ಯವಾಗಿ ಇಳಿಸದೆ ಗತಿಯಿಲ್ಲ.

## ಹೊಗೆಯ ಬಣ್ಣ, ಸದ್ದಿನ ದನಿ

ನೀಲಿ ಹೊಗೆ ಅಂದರೆ ಎಂಜಿನ್ ಎಣ್ಣೆ ಸುಡುತ್ತಿದೆ ಎಂದು. ಇಷ್ಟು ಬಹಳ ಜನರಿಗೆ ಗೊತ್ತು. ಆದರೆ ಅದು ಯಾವಾಗ ಬರುತ್ತದೆ ಎಂಬುದೇ ಮುಖ್ಯ. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ನೀಲಿ ಹೊಗೆ ಬಿಟ್ಟು ಆಮೇಲೆ ಸುಮ್ಮನಾದರೆ ಗುಮಾನಿ ಹೋಗಬೇಕಾದದ್ದು ವಾಲ್ವ್ ಸೀಲ್‌ಗಳ ಮೇಲೆ. ಒಣಗಿ ಗಟ್ಟಿಯಾದ ಪುಟ್ಟ ರಬ್ಬರ್ ಟೋಪಿಗಳವು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದಾಗ ಹೊಗೆ ಬಂದರೂ ಅದೇ ಕಡೆ ಬೆರಳು. ಏರಿನಲ್ಲಿ ಎಂಜಿನ್ ಹೊರೆ ಹೊತ್ತಾಗೆಲ್ಲ ನೀಲಿ ಹೊಗೆ ಎದ್ದರೆ ರಿಂಗ್, ಬೋರ್ ಸವೆದಿರುವ ಸಾಧ್ಯತೆ ಹೆಚ್ಚು. ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಯಂತ್ರ ಇರುವ ಗಾಡಿಯಲ್ಲಿ ಅದರ ಸೀಲ್ ಸೋರಿದರೂ ಹೊಗೆ ಹೀಗೇ ಇರುತ್ತದೆ. ಆಗ ಬದಲಿಸಬೇಕಾದದ್ದು ಟರ್ಬೊ, ಎಂಜಿನ್ ಅಲ್ಲ.

ಕಪ್ಪು ಹೊಗೆ ಇಂಧನ ಹೆಚ್ಚಾದ, ಇಲ್ಲವೇ ಗಾಳಿ ಕಡಿಮೆಯಾದ ಗುರುತು. ಕಟ್ಟಿಕೊಂಡ ಏರ್ ಫಿಲ್ಟರ್, ಇಂಧನ ಚಿಮ್ಮಿಸುವ ಇಂಜೆಕ್ಟರಿನ ಸೋರಿಕೆ, ತಪ್ಪು ಲೆಕ್ಕ ಕೊಡುವ ಸೆನ್ಸರ್‌ಗಳಿಂದ ಹೀಗಾಗುತ್ತದೆ. ಇದಕ್ಕಾಗಿ ಎಂಜಿನ್ ಬದಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಬಿಳಿ ಹೊಗೆ ಚಳಿಯ ಬೆಳಗಿನಲ್ಲಿ ಬರೀ ನೀರಾವಿ. ಎಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಾ, ಸಿಹಿ ವಾಸನೆ ಹೊಡೆಯುತ್ತಾ, ಎಂಜಿನ್ ತಣಿಸುವ ದ್ರವ, ಅಂದರೆ ರೇಡಿಯೇಟರಿನ ಕೂಲೆಂಟ್ ಕಾಣದಂತೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಒಡೆದು ಕೂಲೆಂಟ್ ಸಿಲಿಂಡರಿಗೆ ನುಗ್ಗುತ್ತಿದೆ.

ಎಣ್ಣೆಯ ಮುಚ್ಚಳದ ಒಳಗೆ ಕಾಫಿಗೆ ಹಾಲು ಹೆಚ್ಚಾದಂಥ ಬಣ್ಣದ ಕೆನೆ ಕಂಡರೆ ಎಣ್ಣೆಗೆ ನೀರು ಸೇರಿದೆ ಎಂದರ್ಥ. ಆದರೆ ಗಾಬರಿ ಬೇಡ. ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಎಂಜಿನ್ ಪೂರಾ ಬಿಸಿಯಾಗುವುದೇ ಇಲ್ಲ, ಒಳಗಿನ ಹಬೆ ಮುಚ್ಚಳದಲ್ಲಿ ತಣಿದು ಇಂಥದೇ ಕೆನೆ ಕಟ್ಟುತ್ತದೆ. ಅಳತೆ ಕಡ್ಡಿಯಲ್ಲಿ ಬರುವ ಎಣ್ಣೆಯೂ ಅದೇ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ವಿಷಯ ಗಂಭೀರ.

ಸದ್ದಿಗೆ ಬಂದರೆ, ಟಿಕ್ ಟಿಕ್ ಎಂಬ ಹಗುರ ದನಿ ಮೇಲಂತಸ್ತಿನದು. ವಾಲ್ವ್‌ಗಳ ಅಂತರ ಹೆಚ್ಚಾದರೆ, ಎಣ್ಣೆ ಮೇಲಕ್ಕೆ ಸರಿಯಾಗಿ ಏರದಿದ್ದರೆ ಅದು ಕೇಳುತ್ತದೆ. ಕೆಳಗಿನಿಂದ ಬರುವ, ಸುತ್ತಿಗೆಯಿಂದ ಬಡಿದಂಥ ಗಡಸು ಸದ್ದು, ಆಕ್ಸಿಲರೇಟರ್ ಒತ್ತಿದಂತೆಲ್ಲ ಜೋರಾಗುತ್ತಿದ್ದರೆ ಅದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದ ಸದ್ದು. ಇದೊಂದು ಕೇಳಿದರೆ ಗಾಡಿ ಅಲ್ಲೇ ನಿಲ್ಲಿಸಿ ಎಳೆಸಿಕೊಂಡು ಹೋಗುವುದೇ ಲೇಸು. ಹಾಗೇ ಓಡಿಸಿದರೆ ರಾಡ್ ಮುರಿದು ಬ್ಲಾಕಿಗೇ ತೂತು ಬೀಳಬಹುದು. ತೂತು ಬಿದ್ದ ಬ್ಲಾಕನ್ನು ಬಿಚ್ಚಿ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ಕೈಯಲ್ಲಿದ್ದ ಒಂದು ದಾರಿ ಆ ಕೊನೆಯ ಕೆಲವು ಕಿಲೋಮೀಟರಿಗೆ ಬಲಿಯಾಗುತ್ತದೆ.

## ಕಿವಿಮಾತಿಗಿಂತ ಅಳತೆ

ಹೊಗೆ, ಸದ್ದು ಸುಳಿವು ಕೊಡುತ್ತವೆ. ತೀರ್ಮಾನಕ್ಕೆ ಅಂಕಿ ಬೇಕು. ಇದಕ್ಕಿರುವ ಪರೀಕ್ಷೆಗಳು ಸರಳ, ಎಂಜಿನ್ ಬಿಚ್ಚುವ ಖರ್ಚಿನ ಮುಂದೆ ಅವುಗಳ ಖರ್ಚು ಏನೇನೂ ಅಲ್ಲ. ಅಷ್ಟಾದರೂ ಇವನ್ನು ಮಾಡಿಸದೆಯೇ ಎಂಜಿನ್ ಇಳಿಸಲು ಒಪ್ಪುವವರೇ ಹೆಚ್ಚು. ಯಾಕೋ ಗೊತ್ತಿಲ್ಲ, ರಕ್ತಪರೀಕ್ಷೆಯಿಲ್ಲದೆ ಆಪರೇಷನ್‌ಗೆ ಯಾರೂ ಒಪ್ಪುವುದಿಲ್ಲವಲ್ಲ.

ಮೊದಲನೆಯದು ಕಂಪ್ರೆಷನ್ ಟೆಸ್ಟ್. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಗೇಜ್ ತಿರುಗಿಸಿ ಸ್ಟಾರ್ಟರ್ ಹೊಡೆದರೆ ಒತ್ತಡ ಎಷ್ಟು ಎಂದು ಮುಳ್ಳು ತೋರಿಸುತ್ತದೆ. ಆರೋಗ್ಯವಂತ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 10ರಿಂದ 14 ಬಾರ್ ತೋರಿಸುತ್ತದೆ. ಡೀಸೆಲ್ ಅದರ ದುಪ್ಪಟ್ಟಿನ ಆಸುಪಾಸು. ನಿಮ್ಮ ಎಂಜಿನ್ನಿಗೆ ಸರಿಯಾದ ಅಂಕಿ ಅದರ ಕೈಪಿಡಿಯಲ್ಲಿರುತ್ತದೆ. ಅಂಕಿಗಿಂತಲೂ ಸಿಲಿಂಡರ್‌ಗಳ ನಡುವಿನ ಹೊಂದಾಣಿಕೆ ಹೆಚ್ಚು ಹೇಳುತ್ತದೆ. ನಾಲ್ಕರಲ್ಲಿ ಮೂರು 12 ತೋರಿಸಿ ಒಂದು 7 ತೋರಿಸಿದರೆ ತೊಂದರೆ ಆ ಒಂದರಲ್ಲಿ ಮಾತ್ರ. ಬಹುಶಃ ಸುಟ್ಟ ವಾಲ್ವ್. ನಾಲ್ಕೂ ಒಟ್ಟಿಗೆ ಇಳಿದಿದ್ದರೆ ಅದು ವಯಸ್ಸಿನ ಸವೆತ. ಪೆಟ್ರೋಲ್ ಎಂಜಿನ್ನಿನಲ್ಲಿ, ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯುವ ಉಪಾಯವೂ ಇದೆ. ಎಣ್ಣೆ ರಿಂಗ್‌ಗಳ ಸುತ್ತ ನಿಂತು ಸಂದು ಮುಚ್ಚುತ್ತದೆ. ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ಟಿನದು.

ಎರಡನೆಯದು ಲೀಕ್‌ಡೌನ್ ಟೆಸ್ಟ್. ಹೊರಗಿನಿಂದ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಪಾಲು ಸೋರುತ್ತಿದೆ ಎಂದು ನೋಡುವುದು. ಶೇ 10ರೊಳಗಿದ್ದರೆ ಚೆನ್ನ, ಶೇ 30 ದಾಟಿದರೆ ಸವೆತ ದೊಡ್ಡದು ಎನ್ನುವುದು ಸಾಮಾನ್ಯ ಲೆಕ್ಕ. ಇದರ ಸೊಗಸು ಏನೆಂದರೆ ಗಾಳಿ ಎಲ್ಲಿಂದ ಹೋಗುತ್ತಿದೆ ಎಂದು ಕಿವಿಯಿಂದಲೇ ತಿಳಿಯಬಹುದು. ಎಣ್ಣೆ ಹಾಕುವ ಬಾಯಿಂದ ಸುಯ್ ಎಂದರೆ ರಿಂಗ್, ಸೈಲೆನ್ಸರಿನಿಂದ ಬಂದರೆ ಹೊಗೆಯ ವಾಲ್ವ್, ಏರ್ ಫಿಲ್ಟರ್ ಕಡೆಯಿಂದಾದರೆ ಗಾಳಿಯ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಎಣ್ಣೆಯ ಒತ್ತಡ ಕಡಿಮೆ ಎಂದು ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿದರೆ ಮೊದಲು ಎಂಜಿನ್ ಆಫ್ ಮಾಡಿ, ಎಣ್ಣೆಯ ಮಟ್ಟ ನೋಡಿ. ಮಟ್ಟ ಸರಿಯಿದ್ದೂ ದೀಪ ಹೊತ್ತುತ್ತಿದ್ದರೆ ಮುಳ್ಳಿನ ಗೇಜ್ ಹಾಕಿ ನಿಜವಾದ ಒತ್ತಡ ಅಳೆಸಬೇಕು. ಒತ್ತಡ ಸರಿಯಿದ್ದೂ ಸೆನ್ಸರ್ ಕೆಟ್ಟು ದೀಪ ಹೊತ್ತುವುದುಂಟು. ಅಂಗೈಯೊಳಗೆ ಹಿಡಿಸುವ ಆ ಬಿಡಿಭಾಗದ ತಪ್ಪಿಗೆ ಇಡೀ ಎಂಜಿನ್ನಿಗೆ ಮರಣಪತ್ರ ಬರೆಯಬಾರದು. ಬಳಸಿದ ಆಯಿಲ್ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡುವುದು ಇನ್ನೊಂದು ಒಳ್ಳೆಯ ಅಭ್ಯಾಸ. ಅಲ್ಲಿ ತಾಮ್ರದ ಬಣ್ಣದ ಹೊಳಪು ಕಂಡರೆ ಬೇರಿಂಗ್‌ನ ಮೇಲ್ಪದರ ಕಿತ್ತು ಒಳಪದರಕ್ಕೆ ಇಳಿದಿದೆ.

ಎಣ್ಣೆ ಕುಡಿಯುವುದೊಂದೇ ದೂರಾಗಿದ್ದರೆ ಮೊದಲು ಪಿಸಿವಿ ವಾಲ್ವ್ ನೋಡಿಸಿ. ಎಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಅನಿಲವನ್ನು ಹೊರಗೆ ಬಿಡುವ ಈ ಸಣ್ಣ ಕವಾಟ ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ ಎಣ್ಣೆ ಸಿಕ್ಕ ಸಿಕ್ಕ ಸಂದಿನಿಂದ ಹೊರಗೆ ಬರುತ್ತದೆ. ಸವೆದ ಎಂಜಿನ್ನಿನ ಲಕ್ಷಣಗಳೆಲ್ಲ ಆಗ ಹುಸಿಯಾಗಿ ಕಾಣಿಸಿಕೊಳ್ಳುತ್ತವೆ. ನಿಜವಾಗಿಯೇ ರಿಂಗ್ ಸವೆದು ಎಣ್ಣೆ ನಿಧಾನಕ್ಕೆ ಇಳಿಯುತ್ತಿದ್ದರೂ, ವಾರಕ್ಕೊಮ್ಮೆ ಕಡ್ಡಿ ಎತ್ತಿ ನೋಡಿ ಎಣ್ಣೆ ಸೇರಿಸುತ್ತಾ ಕೆಲವು ಕಾಲ ತಳ್ಳಬಹುದು. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮಾತ್ರ ಆ ಸುಟ್ಟ ಎಣ್ಣೆಯಿಂದ ಕ್ರಮೇಣ ಹಾಳಾಗುತ್ತದೆ ಎಂಬುದು ತಿಳಿದಿರಲಿ.

## ಮೊದಲ ಎಂಜಿನ್ ಸತ್ತದ್ದೇಕೆ?

ಇಡೀ ವಿಷಯದಲ್ಲಿ ಹೆಚ್ಚು ಬೆಲೆಯ ಪ್ರಶ್ನೆ ಇದು, ಆದರೆ ಯಾರೂ ಕೇಳುವುದಿಲ್ಲ. ರೇಡಿಯೇಟರ್ ಕಟ್ಟಿಕೊಂಡು ಎಂಜಿನ್ ಬಿಸಿಯೇರಿ ಹೆಡ್ ಸೊಟ್ಟಗಾಗಿತ್ತು ಎನ್ನೋಣ. ಅಲ್ಯೂಮಿನಿಯಂ ಹೆಡ್ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಸೊಟ್ಟಗಾದರೂ ಗ್ಯಾಸ್ಕೆಟ್ ಹಿಡಿತ ತಪ್ಪಬಹುದು. ಹೊಸ ಎಂಜಿನ್ ತಂದು ಅದೇ ಕಟ್ಟಿಕೊಂಡ ರೇಡಿಯೇಟರಿಗೆ ಜೋಡಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಫ್ಯಾನ್ ತಿರುಗದಿದ್ದುದು, ಕೂಲೆಂಟಿನ ಹರಿವಿಗೆ ಬಾಗಿಲಾದ ಥರ್ಮೋಸ್ಟ್ಯಾಟ್ ಸಿಕ್ಕಿಹಾಕಿಕೊಂಡದ್ದು, ವಾಟರ್ ಪಂಪ್ ಸೋರಿದ್ದು ಯಾವುದೇ ಇರಲಿ, ಎಂಜಿನ್ನಿನ ಜೊತೆಗೆ ಅದನ್ನೂ ಸರಿಮಾಡಬೇಕು.

ಬೇರಿಂಗ್ ಪುಡಿಯಾಗಿ ಸತ್ತ ಎಂಜಿನ್ನಿನದು ಇನ್ನೂ ಮೋಸದ ಕತೆ. ಲೋಹದ ಪುಡಿ ಎಣ್ಣೆಯ ಜೊತೆ ಹರಿದು ಆಯಿಲ್ ಕೂಲರಿನ ಸಣ್ಣ ನಾಳಗಳಲ್ಲಿ ಕೂತಿರುತ್ತದೆ. ಅದನ್ನು ಬದಲಿಸದೆ ಹೊಸ ಎಂಜಿನ್ನಿಗೆ ಸಿಕ್ಕಿಸಿದರೆ ಮೊದಲ ದಿನದಿಂದಲೇ ಮರಳು ಬೆರೆಸಿದ ಎಣ್ಣೆ ಕುಡಿಸಿದಂತೆ.

ಟೈಮಿಂಗ್ ಬೆಲ್ಟ್ ಹರಿದು ಕೆಟ್ಟದ್ದಾದರೆ ಕಾರಣ ಸ್ಪಷ್ಟ. ವಾಲ್ವ್ ಮತ್ತು ಪಿಸ್ಟನ್‌ಗಳ ತಾಳ ತಪ್ಪದಂತೆ ನೋಡುವ ಈ ಹಲ್ಲಿನ ಪಟ್ಟಿಯನ್ನು ಕೈಪಿಡಿ ಹೇಳಿದಷ್ಟು ಕಿಲೋಮೀಟರಿಗೆ ಬದಲಿಸಬೇಕು. ತಪ್ಪಿದರೆ ಅನೇಕ ಎಂಜಿನ್‌ಗಳಲ್ಲಿ ತೆರೆದ ವಾಲ್ವ್‌ಗೆ ಪಿಸ್ಟನ್ ಬಡಿದು ಬಗ್ಗಿಸುತ್ತದೆ. ಸಮಾಧಾನವೆಂದರೆ ಹೀಗೆ ಕೆಟ್ಟದ್ದರಲ್ಲಿ ಕೆಳಗಿನ ಅಂತಸ್ತು ಗಟ್ಟಿಯಾಗಿಯೇ ಉಳಿದಿರುವುದುಂಟು, ಹೆಡ್ ಕೆಲಸದಲ್ಲೇ ಮುಗಿಯಬಹುದು.

## ಎಂಜಿನ್ ತೆಗೆದರೆ ಉಳಿಯುವ ಗಾಡಿ

ಎಂಜಿನ್ನಿನ ಗುಂಗಿನಲ್ಲಿ ಗಾಡಿಯನ್ನೇ ಮರೆಯುತ್ತೇವೆ. ಒಂದು ಕ್ಷಣ ಎಂಜಿನ್ ಹೊಚ್ಚಹೊಸದಿದೆ ಎಂದೇ ಭಾವಿಸಿ, ಉಳಿದದ್ದನ್ನು ಮಾತ್ರ ನೋಡಿ. ಈ ಗಾಡಿಯನ್ನು ನೀವು ಇವತ್ತು ಬೇರೆಯವರಿಂದ ಕೊಳ್ಳುತ್ತೀರಾ?

ತುಕ್ಕಿನಿಂದ ಶುರುಮಾಡಬೇಕು, ಏಕೆಂದರೆ ಉಳಿದೆಲ್ಲ ಬಿಚ್ಚಿ ಹಾಕುವ ಭಾಗಗಳು, ಇದೊಂದು ಮಾತ್ರ ಗಾಡಿಯ ಎಲುಬು. ಜೀಪಿನಂಥ ಗಾಡಿಗಳಿಗೆ ಪ್ರತ್ಯೇಕ ಉಕ್ಕಿನ ಚಾಸಿ ಇರುತ್ತದೆ, ಬಾಡಿ ಅದರ ಮೇಲೆ ಕೂತಿರುತ್ತದೆ. ಬಹುತೇಕ ಕಾರುಗಳಲ್ಲಿ ಹಾಗಿಲ್ಲ, ತಗಡಿನ ಬಾಡಿಯೇ ಮಡಿಕೆ ಮಡಿಕೆಯಾಗಿ ಸೇರಿ ಚಾಸಿಯ ಕೆಲಸವನ್ನೂ ಮಾಡುತ್ತದೆ. ಬಾಗಿಲಿನ ಮೇಲಿನ ತುಕ್ಕು ಬರೀ ಅಂದಗೇಡು. ಬಾಗಿಲ ಕೆಳಗಿನ ಹೊಸ್ತಿಲು, ಸಸ್ಪೆನ್ಷನ್ ಕೂರುವ ಜಾಗ, ಸ್ಪ್ರಿಂಗ್ ಹಿಡಿಕೆಗಳು, ಬ್ರೇಕ್ ನಾಳಗಳ ತುಕ್ಕು ಪ್ರಾಣದ ವಿಷಯ. ಗಾಡಿ ಎತ್ತಿಸಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ: ಟಣ್ ಎಂದರೆ ಉಕ್ಕು ಇದೆ, ಬೊದ್ದು ಸದ್ದಾಗಿ ಪುಡಿ ಉದುರಿದರೆ ಇಲ್ಲ. ಗೆದ್ದಲು ತಿಂದ ಮನೆಗೆ ತೇಗದ ಬಾಗಿಲು ಹಾಕಿ ಏನು ಸುಖ?

ಆಮೇಲೆ ಗೇರ್‌ಬಾಕ್ಸ್. ಎಂಜಿನ್ನಿನಷ್ಟೇ ದೂರ ಓಡಿ ದಣಿದಿರುವ ಅದು, ಹೊಸ ಎಂಜಿನ್ ಬಂದು ಪೂರ್ತಿ ಶಕ್ತಿ ಹಾಕತೊಡಗಿದ ಮೇಲೆ ತನ್ನ ದೌರ್ಬಲ್ಯ ತೋರಿಸಬಹುದು. ಸ್ಟೀರಿಂಗ್, ಸಸ್ಪೆನ್ಷನ್, ವೈರಿಂಗ್, ಎಸಿ ಇವುಗಳ ಪಟ್ಟಿಯನ್ನೂ ಅದೇ ದಿನ ಬರೆದುಕೊಳ್ಳಿ. ಬಿಡಿಭಾಗ ಇನ್ನೂ ಸಿಗುತ್ತವೆಯೇ ಎಂಬುದನ್ನೂ ವಿಚಾರಿಸಿ. ತಯಾರಿಕೆ ನಿಂತು ಬಹಳ ವರ್ಷವಾದ ಮಾದರಿಯಾದರೆ ಎಂಜಿನ್ ಸಿಕ್ಕೀತು, ಮುಂದಿನ ಗಾಜು ಸಿಗಲಿಕ್ಕಿಲ್ಲ.

ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಗಾಡಿಗೆ ಇನ್ನೊಂದು ಮಾತಿದೆ. ಯಾವ ಎಂಜಿನ್ ಹಾಕಿದರೂ ಏರ್‌ಬ್ಯಾಗ್ ಬರುವುದಿಲ್ಲ, ಜಾರುವ ರಸ್ತೆಯಲ್ಲಿ ಚಕ್ರ ಕಟ್ಟದಂತೆ ತಡೆಯುವ ಎಬಿಎಸ್ ಬರುವುದಿಲ್ಲ. ಉದಾಹರಣೆಗೆ ಅಮೆರಿಕದಲ್ಲಿ ಕಾರುಗಳ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 1998ರ ಮಾದರಿಗಳಿಂದ, ಗಾಡಿ ಜಾರಿ ತಿರುಗದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಎಲ್ಲ ಕಾರಿಗೂ ಕಡ್ಡಾಯವಾದದ್ದು 2012ರ ಮಾದರಿಗಳಿಂದ. ನಿಮ್ಮ ಗಾಡಿ ಎಷ್ಟು ಹಿಂದಿನದೋ ಅಷ್ಟು ಹಿಂದಿನ ಕಾಲದ ಸುರಕ್ಷತೆಯಲ್ಲೇ ಅದು ಮುಂದೆಯೂ ಓಡುತ್ತದೆ.

## ಅದೇ ಎಂಜಿನ್ ಕಟ್ಟುವುದೋ, ಇನ್ನೊಂದು ತರುವುದೋ

ಬಾಡಿ ಪರೀಕ್ಷೆಯಲ್ಲಿ ಪಾಸಾಯಿತು ಎನ್ನೋಣ. ಈಗ ದಾರಿಗಳು.

ಮೊದಲನೆಯದು ಇರುವ ಎಂಜಿನ್ನನ್ನೇ ಬಿಚ್ಚಿ ಕಟ್ಟುವುದು. ಹೆಡ್ ಮಾತ್ರ ಇಳಿಸಿ ವಾಲ್ವ್ ಉಜ್ಜಿ ಸೀಲ್ ಬದಲಿಸಿದರೆ ಅದು ಹೆಡ್ ಕೆಲಸ. ಪೂರ್ತಿ ಬಿಚ್ಚಿದರೆ ಬೋರ್ ಅಳೆದು, ಸವೆದಿದ್ದರೆ ಅದನ್ನು ಕೊರೆದು ಅಗಲಮಾಡಿ, 0.25 ಅಥವಾ 0.50 ಮಿ.ಮೀ. ದೊಡ್ಡ ಅಳತೆಯ ಪಿಸ್ಟನ್, ರಿಂಗ್ ಹಾಕುತ್ತಾರೆ. ಕ್ರ್ಯಾಂಕನ್ನೂ ಉಜ್ಜಿ ಅದಕ್ಕೆ ತಕ್ಕ ದಪ್ಪನೆಯ ಬೇರಿಂಗ್ ಹಾಕುತ್ತಾರೆ. ಕೊರೆಯಲು ಜಾಗವಿಲ್ಲದಿದ್ದರೆ ಬೋರಿನೊಳಗೆ ಹೊಸ ತೋಳು, ಅಂದರೆ ಲೈನರ್ ತೂರಿಸುವುದೂ ಇದೆ. ಬೋರಿಗೆ ವಿಶೇಷ ಲೇಪನವಿರುವ ಕೆಲವು ಅಲ್ಯೂಮಿನಿಯಂ ಬ್ಲಾಕ್‌ಗಳನ್ನು ಮಾತ್ರ ಹೀಗೆ ಮಾಮೂಲಾಗಿ ಕೊರೆಯಲಾಗದು. ಈ ದಾರಿಯ ಲಾಭ ಎಂದರೆ ಎಂಜಿನ್ ನಂಬರ್ ಬದಲಾಗುವುದಿಲ್ಲ, ಎಲ್ಲವೂ ಮೊದಲಿನಂತೆಯೇ ಕೂರುತ್ತದೆ. ಆದರೆ ಗುಣ ಪೂರ್ತಿ ಕಟ್ಟುವವರ ಕೈಯಲ್ಲಿ. ಕೂದಲೆಳೆಯ ಅಳತೆಗಳನ್ನು ಮೈಕ್ರೋಮೀಟರಿನಲ್ಲಿ ಅಳೆಯುವವರು ಬೇಕು, ಕಣ್ಣಂದಾಜಿನವರು ಬೇಡ.

ಬಿಚ್ಚಿ ಕಟ್ಟಿದ ಎಂಜಿನ್ ಎಷ್ಟು ಓಡೀತು ಎಂದು ಅನುಮಾನವೇ? ಅಮೆರಿಕದ ವಿಜ್ಞಾನ ಶಿಕ್ಷಕ ಇರ್ವ್ ಗಾರ್ಡನ್ 1966ರಲ್ಲಿ ಕೊಂಡ ವೋಲ್ವೊ ಪಿ1800 ಕಾರು 2013ರಲ್ಲಿ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿ.ಮೀ. ದಾಟಿತು. ಅದರ ಎಂಜಿನ್ ಬಿಚ್ಚಿ ಕಟ್ಟಿದ್ದು ಬೆರಳೆಣಿಕೆಯ ಸಲ. ಕಾಲಕಾಲಕ್ಕೆ ಎಣ್ಣೆ ಬದಲಿಸುವುದರಲ್ಲಿ ಆತ ಎಂದೂ ಸೋಮಾರಿತನ ಮಾಡಿದವನಲ್ಲ.

ಎರಡನೆಯದು ಕಾರ್ಖಾನೆಯ ಅಳತೆಗೆ ಮರುತಯಾರಿಸಿದ ಎಂಜಿನ್, ಇಲ್ಲವೇ ಹೊಸದೇ. ಇಲ್ಲಿ ಪದಗಳ ಬಗ್ಗೆ ಎಚ್ಚರ. ಶಾರ್ಟ್ ಬ್ಲಾಕ್ ಎಂದರೆ ಕೆಳಗಿನ ಎರಡು ಅಂತಸ್ತು ಮಾತ್ರ, ಹೆಡ್ ನಿಮ್ಮ ಹಳೆಯದೇ. ಲಾಂಗ್ ಬ್ಲಾಕ್ ಎಂದರೆ ಹೆಡ್ ಸಮೇತ. ಎರಡರಲ್ಲೂ ಆಲ್ಟರ್ನೇಟರ್, ಇಂಜೆಕ್ಷನ್ ಪಂಪ್, ಟರ್ಬೊದಂಥ ಹೊರಗಿನ ಸಾಮಾನು ಬರುವುದು ಸಾಮಾನ್ಯವಾಗಿ ಇಲ್ಲ. "ರೀಕಂಡಿಶನ್ಡ್" ಎಂಬ ಪದಕ್ಕಂತೂ ಗಟ್ಟಿ ಅರ್ಥವೇ ಇಲ್ಲ. ತೊಳೆದು ಬಣ್ಣ ಬಳಿದದ್ದನ್ನೂ ಹಾಗೆನ್ನುತ್ತಾರೆ. ಯಾವ ಭಾಗ ಹೊಸದು, ಏನೇನು ಅಳತೆಯಾಗಿದೆ, ಗ್ಯಾರಂಟಿ ಎಷ್ಟು ಎಂದು ಬರಹದಲ್ಲಿ ಕೇಳಿ.

ಮೂರನೆಯದು ಇನ್ನೊಂದು ಗಾಡಿಯಿಂದ ಬಿಚ್ಚಿದ ಬಳಸಿದ ಎಂಜಿನ್. ಅಪಘಾತದಲ್ಲಿ ಹಿಂಭಾಗ ಜಜ್ಜಿದ ಗಾಡಿಯದು ಸಿಕ್ಕಿದರೆ ಅದೃಷ್ಟ. ಆ ಕ್ಷಣದವರೆಗೆ ಅದು ಓಡುತ್ತಿತ್ತು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದದ್ದರ ಬೋರಿನಲ್ಲಿ ತುಕ್ಕು ಹಿಡಿದಿರಬಹುದು, ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿಸಬೇಕು. ಕಂಪ್ರೆಷನ್ ಟೆಸ್ಟ್ ಇದಕ್ಕೂ ಬೇಕು. ಒಂದೇ ಹೆಸರಿನ ಎಂಜಿನ್ ಬೇರೆ ಬೇರೆ ವರ್ಷಗಳಲ್ಲಿ ಒಳಗೊಳಗೇ ಬದಲಾಗಿರುತ್ತದೆ. ಸೆನ್ಸರ್ ಓದುವ ಚಕ್ರದ ಹಲ್ಲುಗಳ ಲೆಕ್ಕ ಬೇರೆಯಾದರೂ ಸಾಕು, ಗಾಡಿಯ ಕಂಪ್ಯೂಟರ್ ಸ್ಟಾರ್ಟ್ ಆಗಲು ಬಿಡದು. ಹೆಸರಿಗಿಂತ ಎಂಜಿನ್ ಕೋಡ್ ಹೊಂದಿಸಿ ತರಬೇಕು.

ಯಾವ ದಾರಿಯಾದರೂ, ಎಂಜಿನ್ ಹೊರಗಿರುವಾಗಲೇ ಕ್ಲಚ್ ಪ್ಲೇಟ್, ಕ್ರ್ಯಾಂಕಿನ ಹಿಂದಿನ ಸೀಲ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಮೌಂಟ್‌ಗಳು, ಹೋಸ್‌ಗಳನ್ನು ಬದಲಿಸಿಬಿಡಿ. ಆಮೇಲೆ ಇವೇ ಕೆಲಸಕ್ಕೆ ಮತ್ತೆ ಅಷ್ಟೇ ಕೂಲಿ ತೆರಬೇಕಾಗುತ್ತದೆ.

## ಬೇರೆ ಜಾತಿಯ ಎಂಜಿನ್ ಕೂರಿಸುವ ಆಸೆ

ಪೆಟ್ರೋಲ್ ತೆಗೆದು ಡೀಸೆಲ್, ಸಣ್ಣದು ತೆಗೆದು ದೊಡ್ಡದು: ಇದನ್ನೇ ಎಂಜಿನ್ ಸ್ವಾಪ್ ಎನ್ನುವುದು. ತೋಟದ ಪಂಪ್‌ಸೆಟ್‌ಗೆ ಹೋಲಿಸಿ ನೋಡಿ. ಐದು ಎಚ್‌ಪಿ ತೆಗೆದು ಹತ್ತು ಎಚ್‌ಪಿ ಮೋಟಾರ್ ಇಳಿಸಿದರೆ ಅಷ್ಟಕ್ಕೇ ಮುಗಿಯುತ್ತದೆಯೇ? ಕೇಬಲ್ ದಪ್ಪ ಬೇಕು, ಸ್ಟಾರ್ಟರ್ ಬೇರೆ ಬೇಕು, ಹಳೆ ಪೈಪ್ ಒತ್ತಡ ತಡೆಯಬೇಕು. ಗಾಡಿಯಲ್ಲೂ ಹಾಗೆಯೇ. ಎಂಜಿನ್ ಕೂರುವ ಮೌಂಟ್ ಹೊಸದಾಗಿ ಕಟ್ಟಬೇಕು. ಗೇರ್‌ಬಾಕ್ಸಿನ ಮುಖದ ಬೋಲ್ಟ್ ತೂತುಗಳು ಹೊಂದದಿದ್ದರೆ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ರೇಡಿಯೇಟರ್, ಸೈಲೆನ್ಸರ್, ಇಂಧನದ ನಾಳ ಎಲ್ಲಕ್ಕೂ ಕೈ ಹಾಕಬೇಕು.

ಕಣ್ಣಿಗೆ ಬೀಳದ ತೊಡಕುಗಳು ಇನ್ನೂ ಇವೆ. ಡೀಸೆಲ್ ಎಂಜಿನ್ ಭಾರ. ಮುಂದಿನ ಸ್ಪ್ರಿಂಗ್ ಕುಸಿಯುತ್ತದೆ, ಬ್ರೇಕ್ ಹಾಕಿದಾಗ ಮೂಗು ತಗ್ಗುತ್ತದೆ. ಪೆಟ್ರೋಲ್ ಎಂಜಿನ್ನಿನಷ್ಟು ವೇಗವಾಗಿ ಅದು ತಿರುಗುವುದೂ ಇಲ್ಲ, ಹಾಗಾಗಿ ಹಳೆಯ ಗೇರ್ ಲೆಕ್ಕವೇ ಉಳಿದರೆ ಹೆದ್ದಾರಿಯಲ್ಲಿ ಎಂಜಿನ್ ಅರಚುತ್ತದೆ, ಗಾಡಿ ಓಡುವುದಿಲ್ಲ. ಬ್ರೇಕ್ ಪೆಡಲ್ ಹಗುರಾಗಿಸುವ ಬೂಸ್ಟರ್ ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ ಗಾಳಿ ಹೀರುವ ಎಳೆತದಿಂದಲೇ ಕೆಲಸ ಮಾಡುತ್ತದೆ. ಡೀಸೆಲ್‌ನಲ್ಲಿ ಆ ಎಳೆತ ಸಾಲದು, ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ಅದನ್ನು ಮರೆತರೆ ಗಾಡಿ ಓಡುತ್ತದೆ, ಸುಲಭಕ್ಕೆ ನಿಲ್ಲುವುದಿಲ್ಲ.

ಹೊಸ ಕಾಲದ ಗಾಡಿಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಮೀಟರ್‌ಗಳ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಕೀಲಿಯನ್ನು ಗುರುತಿಸುವ ಇಮ್ಮೊಬಿಲೈಸರ್ ಕೂಡ ಆ ಕೂಟದಲ್ಲಿದೆ. ಹೊರಗಿನವ ಬಂದು ಕೂತರೆ ಉಳಿದವರು ಮಾತೇ ಬಿಡುತ್ತಾರೆ. ಎಳೆಯುವ ಶಕ್ತಿ ನಿಜವಾಗಿ ಸಾಲದಿದ್ದರೆ, ಅದೇ ಮಾದರಿಯಲ್ಲಿ ಕಾರ್ಖಾನೆಯೇ ಕೂರಿಸಿ ಮಾರಿದ ಇನ್ನೊಂದು ಎಂಜಿನ್ ಇದೆಯೇ ನೋಡುವುದು ಜಾಣತನ. ಮೌಂಟ್, ವೈರಿಂಗ್, ಬ್ರೇಕ್ ಎಲ್ಲಕ್ಕೂ ಸಿದ್ಧ ಭಾಗಗಳು ಇರುತ್ತವೆ. ಅದಿಲ್ಲದೆ ದಿನಬಳಕೆಯ ಸಂಸಾರದ ಗಾಡಿಗೆ ಸ್ವಾಪ್ ಮಾಡಿಸುವುದು ನನ್ನ ಎಣಿಕೆಯಲ್ಲಿ ಹವ್ಯಾಸಿಗಳಿಗೆ ಬಿಡಬೇಕಾದ ಕೆಲಸ. ಅವರಿಗೆ ಗಾಡಿ ಆರು ತಿಂಗಳು ಶೆಡ್ಡಿನಲ್ಲಿ ನಿಂತರೂ ಸಂತೋಷವೇ.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಮೊದಲೇ ಮುಗಿಸಬೇಕಾದದ್ದು. ಅನೇಕ ಕಡೆ ಎಂಜಿನ್ ನಂಬರ್ ಗಾಡಿಯ ನೋಂದಣಿ ದಾಖಲೆಯಲ್ಲೇ ಇರುತ್ತದೆ. ಬದಲಿಸಿದರೆ ತಿಳಿಸಿ ತಿದ್ದಿಸಬೇಕು. ಇಂಧನ ಅಥವಾ ಗಾತ್ರ ಬದಲಾದರೆ ಮೊದಲೇ ಅನುಮತಿ, ಹೊಗೆಯ ನಿಯಮಕ್ಕೆ ಹೊಂದಿಕೆ ಕೇಳುತ್ತಾರೆ. ವಿಮೆಯವರಿಗೆ ಹೇಳದಿದ್ದರೆ ಅಪಘಾತವಾದಾಗ ತಕರಾರು ಬರುತ್ತದೆ. ಬಳಸಿದ ಎಂಜಿನ್ನಿನ ನಂಬರ್ ಉಜ್ಜಿಹಾಕಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

## ಲೆಕ್ಕ ಹಾಕುವ ಬಗೆ

"ಗಾಡಿಗೇ ಅಷ್ಟು ಬೆಲೆಯಿಲ್ಲ, ಎಂಜಿನ್ನಿಗೆ ಅಷ್ಟೇಕೆ?" ಎಂಬ ವಾದ ಸರಿ ಎನಿಸುತ್ತದೆ, ಆದರೆ ಹೋಲಿಕೆಯೇ ತಪ್ಪು. ಹೋಲಿಸಬೇಕಾದದ್ದು ಇದೇ ಕೆಲಸ ಮಾಡುವ, ನಂಬಬಹುದಾದ ಇನ್ನೊಂದು ಗಾಡಿ ತರುವ ಖರ್ಚಿಗೆ.

ಅಂಥ ಗಾಡಿಗೆ 100 ಪಾಲು ಹಣ ಬೇಕು ಎಂದಿಟ್ಟುಕೊಳ್ಳಿ. ನಿಮ್ಮದು ಕೆಟ್ಟ ಎಂಜಿನ್ನಿನೊಡನೆ 15ಕ್ಕೆ ಹೋಗುತ್ತದೆ. ಎಂಜಿನ್ ಕೆಲಸಕ್ಕೆ 40. ಮಾರಿ ಬೇರೆ ಕೊಂಡರೆ ಕೈಯಿಂದ ಹೋಗುವುದು 85, ಇಟ್ಟುಕೊಂಡರೆ 40. ಇಲ್ಲಿಗೇ ನಿಂತರೆ ಎಂಜಿನ್ ಹಾಕಿಸುವುದೇ ಗೆಲ್ಲುತ್ತದೆ. ಈಗ ಮೇಲೆ ಬರೆದುಕೊಂಡ ಪಟ್ಟಿ ತೆಗೆಯಿರಿ. ಗೇರ್‌ಬಾಕ್ಸ್, ಸಸ್ಪೆನ್ಷನ್, ತುಕ್ಕಿಗೆ ಇನ್ನು 30 ಬೇಕು ಎಂದಾದರೆ ಒಟ್ಟು 70. ಗಾಡಿ ಮುಂದೆ ನಾಲ್ಕು ವರ್ಷ ಓಡಿದರೆ ವರ್ಷಕ್ಕೆ 17.5. ಬೇರೆ ಗಾಡಿಯೂ ಖರ್ಚು ಕೇಳದೆ ಇರದು. 85ಕ್ಕೆ 15 ಸೇರಿಸಿ 100 ಎನ್ನಿ, ಎಂಟು ವರ್ಷ ಓಡಿದರೆ ವರ್ಷಕ್ಕೆ 12.5. ಲೆಕ್ಕ ತಲೆಕೆಳಗಾಯಿತು. ಆ 30 ಬರೀ 5 ಆಗಿದ್ದರೆ ವರ್ಷಕ್ಕೆ ಸುಮಾರು 11 ಬಂದು ಮತ್ತೆ ಹಳೆಯದೇ ಗೆಲ್ಲುತ್ತಿತ್ತು. ಎಂಜಿನ್ನಿನ ಬೆಲೆ ಎರಡು ಲೆಕ್ಕದಲ್ಲೂ ಅದೇ 40 ಇದೆ ಎಂಬುದನ್ನು ಗಮನಿಸಿ. ಫಲಿತಾಂಶ ತಿರುಗಿಸಿದ್ದು ಅದರ ಸುತ್ತಲಿನ ಗಾಡಿ.

ಹೋದ ವರ್ಷ ಹಾಕಿಸಿದ ಟೈರ್, ಮೊನ್ನೆ ಬಳಿಸಿದ ಬಣ್ಣದ ದುಡ್ಡು ಈ ಲೆಕ್ಕದಲ್ಲಿ ಬರಕೂಡದು. ಅದು ಎರಡು ದಾರಿಯಲ್ಲೂ ಹೋದ ದುಡ್ಡೇ. ನಿಮ್ಮ ಗಾಡಿಯ ಇತಿಹಾಸ ನಿಮಗೆ ಗೊತ್ತು, ಕೊಳ್ಳುವ ಗಾಡಿಯದು ಗೊತ್ತಿಲ್ಲ ಎಂಬುದು ಮಾತ್ರ ಹಳೆಯದರ ಪರ ನಿಜವಾದ ಅಂಶ. ಅಪ್ಪ ಓಡಿಸಿದ ಗಾಡಿ ಎಂಬ ಮಮತೆಗೂ ಬೆಲೆಯಿದೆ. ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಮೈಲೇಜಿನ ವೇಷ ತೊಡಿಸಬೇಡಿ.

## ಕೂರಿಸಿದ ಮೇಲಿನ ಮೊದಲ ಸಾವಿರ ಕಿಲೋಮೀಟರ್

ಹೊಸ ರಿಂಗ್, ಹೊಸ ಬೋರ್ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳಲು ಸ್ವಲ್ಪ ಓಟ ಬೇಕು. ಇದೇ ರನ್ನಿಂಗ್ ಇನ್. ಸ್ಟಾರ್ಟ್ ಮಾಡುವ ಮೊದಲೇ ಎಣ್ಣೆಯ ಒತ್ತಡ ಏರುವಂತೆ ಎಂಜಿನ್ ತಿರುಗಿಸಬೇಕು, ಒಣ ಬೇರಿಂಗಿನ ಮೇಲೆ ಮೊದಲ ಉರಿಯ ಹೊಡೆತ ಬೀಳಬಾರದು. ಆಮೇಲೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದು ಬೇಡ, ನಿಂತಲ್ಲೇ ಉರಿಸುತ್ತಾ ಇಡುವುದೂ ಬೇಡ. ಏರಿಳಿತದ ವೇಗದಲ್ಲಿ, ಮಧ್ಯಮ ಹೊರೆಯಲ್ಲಿ ಓಡಿಸಬೇಕು. ಕೂಲೆಂಟ್ ಮತ್ತು ಎಣ್ಣೆಯ ಮಟ್ಟ ದಿನಾ ನೋಡಬೇಕು.

ಕಟ್ಟಿದವರು ಬೇರೆ ಲೆಕ್ಕ ಹೇಳದಿದ್ದರೆ 500ರಿಂದ 1000 ಕಿ.ಮೀ. ಒಳಗೆ ಮೊದಲ ಎಣ್ಣೆ ಬದಲಿಸಿ. ತೆಗೆದ ಫಿಲ್ಟರನ್ನು ಎಸೆಯದೆ ಅಲ್ಲೇ ಕತ್ತರಿಸಿ ತೋರಿಸಲು ಹೇಳಿ. ಆ ಮೊದಲ ಫಿಲ್ಟರಿನಲ್ಲಿ ನುಣ್ಣನೆಯ ಬೂದು ಹೊಳಪು ಸ್ವಲ್ಪ ಇದ್ದೇ ಇರುತ್ತದೆ. ಎರಡನೆಯದರಲ್ಲಿ ಇರಬಾರದು.